ಒಂದು ಸಾಲಿನ ಜಾಗ

ಹೇಳಿಬಿಟ್ಟರೆ ಈ ಹೆಣ್ಣುಮಗಳು ಕೆತ್ತುವುದೇ ಬೇಡ ಎಂದು ಎದ್ದುಬಿಡುತ್ತಾಳೆ. ಹೇಳದಿದ್ದರೆ, ಒಬ್ಬ ಮನುಷ್ಯ ಮೂವತ್ತೆಂಟು ವರ್ಷ ಖಾಲಿ ಉಳಿಸಿಕೊಂಡು ಬಂದ ಜಾಗದ ಮೇಲೆ ನಾನೇ ಉಳಿ ಇಡಬೇಕು. ಎರಡರಲ್ಲಿ ಯಾವುದು ಕಡಿಮೆ ಪಾಪ?

ಬೆಳಗಿನ ಆರೂವರೆ. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ನಾಲ್ಕಡಿ ಅಗಲದ ಗೂಡಿನಲ್ಲಿ ಹೆಸರಜ್ಜ ಇದನ್ನೇ ಯೋಚಿಸುತ್ತ ಉಳಿಯನ್ನು ಸಾಣೆಕಲ್ಲಿಗೆ ಉಜ್ಜುತ್ತಿದ್ದಾರೆ. ಎದುರಿನ ಬೆಂಚಿನಲ್ಲಿ ಒಬ್ಬ ತಂದೆ, ಒಬ್ಬ ಮಗಳು. ತಂದೆಗೆ ಎಂಬತ್ತು ತುಂಬಿದೆ. ಇದೇ ಬೀದಿಯ ಕೊನೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಮೇಜಿನ ಮೇಲೆ ಅವರ ಕ್ಯಾಮೆರಾ ಇದೆ, ರೀಲು ಹಾಕುವ ಕಾಲದ್ದು, ಕಪ್ಪು ಬಣ್ಣದ್ದು. ಅದರ ತಳಕ್ಕೆ ತಂದೆಯ ಹೆಸರು ಕೆತ್ತಿಸಬೇಕೆಂದು ಮಗಳು ಬಂದಿದ್ದಾರೆ.

ಹೆಸರಜ್ಜ ಎಂಬುದು ಬೀದಿಯವರು ಇಟ್ಟ ಹೆಸರು. ಐವತ್ತು ವರ್ಷಗಳಿಂದ ಕೈಗಡಿಯಾರ, ಪೆನ್ನು, ಪದಕ, ಬಾಗಿಲ ಫಲಕ, ಹೀಗೆ ಜನ ಪ್ರೀತಿಯಿಂದ ಇಟ್ಟುಕೊಂಡ ವಸ್ತುಗಳ ಮೇಲೆಲ್ಲ ಹೆಸರು ಕೆತ್ತಿಕೊಂಡು ಬಂದವರ ಸ್ವಂತ ಹೆಸರು ಪಕ್ಕದ ಬೀಗ ರಿಪೇರಿಯವನಿಗೂ ಗೊತ್ತಿಲ್ಲ. "ಕೇಳಿದ್ರೆ ಬೋರ್ಡ್ ನೋಡು ಅಂತಾರೆ. ಬೋರ್ಡಿನಲ್ಲಿ 'ಹೆಸರು ಕೆತ್ತಲಾಗುವುದು' ಅಂತ ಮಾತ್ರ ಇದೆ," ಎಂದು ಬೀಗದವನು ನಗುತ್ತಾನೆ.

ಇಷ್ಟು ಬೇಗ ಬಾಗಿಲು ತೆಗೆಯುವುದಕ್ಕೆ ಕಾರಣವಿದೆ. ಬೆಳಗಿನ ಬಿಸಿಲು ಮೆಟ್ಟಿಲುಗಳ ಸಂದಿಯಿಂದ ಓರೆಯಾಗಿ ಮೇಜಿನ ಮೇಲೆ ಬೀಳುತ್ತದೆ. ಈ ವಯಸ್ಸಿನಲ್ಲಿ ಓರೆ ಬೆಳಕಿನಲ್ಲಿ ಮಾತ್ರ ಗೀರಿನ ಆಳ ಕಣ್ಣಿಗೆ ಸಿಗುತ್ತದೆ. ಎಂಟಾದರೆ ಆ ಬೆಳಕು ಹೋಯಿತು, ಅಂದಿನ ಕೆಲಸವೂ ಮುಗಿಯಿತು. ಒಂದು ಅಕ್ಷರಕ್ಕೆ ನಾಲ್ಕು ನಿಮಿಷ. ಹಿಂದೆ ದಿನಕ್ಕೆ ಮೂವತ್ತು ಹೆಸರು ಬರುತ್ತಿದ್ದವು, ಸಂಜೆ ದೀಪದಲ್ಲೂ ಕೂತು ಮುಗಿಸಬೇಕಾಗುತ್ತಿತ್ತು. ಈಗ ಮೂರು ಬಂದರೆ ಹೆಚ್ಚು. ಮುಖ್ಯರಸ್ತೆಯ ಅಂಗಡಿಯಲ್ಲಿ ಯಂತ್ರವೊಂದು ನಿಮಿಷದೊಳಗೆ ಇಡೀ ಹೆಸರನ್ನು ಸುಟ್ಟು ಬರೆಯುತ್ತದೆ. ಹೆಸರಜ್ಜನ ಬಲಗೈ ತೋರುಬೆರಳು ಚಳಿಗೆ ಮಡಚಿದರೆ ಬಿಚ್ಚುವುದಿಲ್ಲ. ಬಿಸಿನೀರಿನ ಲೋಟ ಹಿಡಿದು ಬಿಡಿಸಿಕೊಳ್ಳುತ್ತಾರೆ. ಎಡಗಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಮೂರನೇದು ನಾನು ಸೇರಿಸ್ಕೊಂಡಿದ್ದೀನಿ. ತಗಡು ಕೆತ್ತಿದ್ರೆ ಹೋಯ್ತು," ಎನ್ನುತ್ತಾರೆ. ಅದಕ್ಕೇ ಅವರದೊಂದು ಕಟ್ಟುಪಾಡು. ಮೊದಲು ಬಿಳಿ ಬಣ್ಣದ ತೆಳು ಲೇಪ, ಅದರ ಮೇಲೆ ಪೆನ್ಸಿಲಿನಲ್ಲಿ ಹೆಸರು. ಅದನ್ನು ವಸ್ತುವಿನ ಒಡೆಯ ಬಾಯಿಬಿಟ್ಟು ಓದಬೇಕು. ಓದುವವರೆಗೆ ಉಳಿ ಮುಟ್ಟುವುದಿಲ್ಲ. ಓದುವಾಗಲೇ ಎಷ್ಟೋ ಜನ ಬೇಡ ಎಂದು ಎದ್ದು ಹೋಗಿದ್ದಾರೆ. ಹೋದವರ ಮೇಲೆ ಅವರಿಗೆ ಸಿಟ್ಟಿಲ್ಲ.

ಹಾಗೆ ಎದ್ದು ಹೋದವರಲ್ಲಿ ಈಗ ಬೆಂಚಿನಲ್ಲಿ ಕೂತಿರುವ ತಂದೆಯೂ ಒಬ್ಬರು.

ಆಗ ಅವರಿಗೆ ನಲವತ್ತೆರಡು. ವರ್ಷಗಟ್ಟಲೆ ಕೂಡಿಟ್ಟು ತಂದ ಹೊಸ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕೂಸನ್ನು ಎತ್ತಿಕೊಂಡ ಹಾಗೆ ಹಿಡಿದುಕೊಂಡು ಬಂದಿದ್ದರು. ತಳದ ತಗಡಿನ ಮೇಲೆ ಬರೆದ ತಮ್ಮ ಹೆಸರನ್ನು ಜೋರಾಗಿ ಓದಿದರು. ಆಮೇಲೆ ಹೆಬ್ಬೆರಳಿನಿಂದ ತಾವೇ ಒರೆಸಿಬಿಟ್ಟರು.

"ಬೇಡ ಬಿಡಿ. ಮನೇಲಿ ಐದು ವರ್ಷದ ಮಗಳಿದ್ದಾಳೆ. ಫೋಟೋ ತೆಗೆಯೋ ಹುಚ್ಚು ಈಗ್ಲೇ ಹತ್ತಿದೆ. ದೊಡ್ಡವಳಾದ ಮೇಲೆ ಅವಳ ಹೆಸರೇ ಹಾಕಿಸ್ತೀನಿ. ಅಲ್ಲೀತನಕ ಜಾಗ ಹಾಗೇ ಇರ್ಲಿ." ಮೆಟ್ಟಿಲು ದಾಟುವಾಗ ತಿರುಗಿ ನಿಂತು ಇನ್ನೊಂದು ಮಾತು ಸೇರಿಸಿದ್ದರು: "ಅವಳಿಗೆ ಹೇಳ್ಬೇಡಿ ಮತ್ತೆ. ನಾನೇ ಹೇಳ್ತೀನಿ."

ಹೇಳಿದ್ದರೋ ಇಲ್ಲವೋ ಎಂಬುದು ಹೆಸರಜ್ಜನಿಗೆ ಈ ಬೆಳಿಗ್ಗೆ ಮಗಳು ಬಾಯಿ ತೆರೆದ ಕೂಡಲೇ ಗೊತ್ತಾಯಿತು.

"ಇದನ್ನ ಮುಟ್ಟಿದ್ದಕ್ಕೆ ಒಂದ್ಸಲ ಕೈ ಮೇಲೆ ಹೊಡೆದಿದ್ರು ಅಜ್ಜ. ಆಮೇಲೆ ನಾನು ಇದರ ಹತ್ರನೂ ಹೋಗ್ಲಿಲ್ಲ. ನಮ್ಮಪ್ಪಂಗೆ ಇದೇ ಮಗಳು, ನಾನು ನೆಂಟರವಳು." ಆಕೆ ನಗಲು ನೋಡುತ್ತಾರೆ, ಆಗುವುದಿಲ್ಲ. "ಮಧ್ಯಾಹ್ನ ಇವರನ್ನ ವೃದ್ಧಾಶ್ರಮಕ್ಕೆ ಸೇರಿಸ್ತಿದ್ದೀನಿ. ಅಲ್ಲಿ ಹೆಸರಿಲ್ಲದ ವಸ್ತು ಒಳಗೆ ಬಿಡಲ್ವಂತೆ. ಯಾರದ್ದು ಯಾರಿಗೋ ಹೋಗಿ ಜಗಳ ಆಗುತ್ತಂತೆ. ಚೀಟಿ ಅಂಟಿಸಿದ್ರೆ ಇವರು ಕಿತ್ತು ಹಾಕ್ತಾರೆ. ಇದು ಕೈಲಿಲ್ಲಾಂದ್ರೆ ಅಂಗಿ ಗುಂಡಿ ಕೀಳ್ತಾ ಕೂರ್ತಾರೆ, ಬೆರಳಲ್ಲಿ ರಕ್ತ ಬರೋವರೆಗೂ."

ತಂದೆ ಈಗಲೂ ಗುಂಡಿಯನ್ನೇ ತಿರುಚುತ್ತಿದ್ದಾರೆ. ಕ್ಯಾಮೆರಾ ಮೇಜಿನ ಮೇಲೆ ಹೋಗಿ ಹತ್ತು ನಿಮಿಷವೂ ಆಗಿಲ್ಲ, ಒಂದು ಗುಂಡಿ ನೂಲಿನಲ್ಲಿ ಜೋತಾಡುತ್ತಿದೆ.

ಹೆಸರಜ್ಜ ಮೂರು ತಿರುಪು ಬಿಚ್ಚಿ ತಳದ ತಗಡನ್ನು ಬೇರೆ ಮಾಡುತ್ತಾರೆ. ಲೋಹದ ಪುಡಿ ಯಂತ್ರದೊಳಗೆ ಹೋಗಬಾರದು. ಉಳಿದ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ತಂದೆಯ ಕೈಗೆ ಕೊಡುತ್ತಾರೆ. ಗುಂಡಿಯ ಮೇಲಿದ್ದ ಬೆರಳುಗಳು ತಕ್ಷಣ ರೀಲು ಮುಂದೆ ಸರಿಸುವ ಸನ್ನೆಗೆ ಹೋಗಿ ಕರ್ರ್ ಎಂದು ಎಳೆಯುತ್ತವೆ. ಮುಖ ಹಗುರಾಗುತ್ತದೆ.

ಅದನ್ನು ಕಂಡ ಮೇಲೆ ಹೆಸರಜ್ಜ ಬಿಳಿ ಬಣ್ಣದ ಡಬ್ಬಿ ತೆರೆಯುತ್ತಾರೆ. ಮಗಳಿಗೆ ನಿಜ ಹೇಳಿದರೆ ಆಕೆ ಅಪ್ಪನ ಹೆಸರು ಹಾಕಿಸಲಾರರು. ತನ್ನ ಹೆಸರು ಹಾಕಿಸಿದರೆ ಆಶ್ರಮದವರು ಇದು ಇವರದ್ದಲ್ಲ ಎಂದು ವಾಪಸು ಕಳಿಸುತ್ತಾರೆ. ಸಂಜೆಯ ಹೊತ್ತಿಗೆ ಈ ಬೆರಳುಗಳಿಗೆ ಮತ್ತೆ ಗುಂಡಿಯೇ ಗತಿ.

ಪೆನ್ಸಿಲಿನಲ್ಲಿ ಹೆಸರು ಬರೆದು, ಪದ್ಧತಿಯಂತೆ ತಗಡನ್ನು ಒಡೆಯನ ಮುಂದೆ ಹಿಡಿಯುತ್ತಾರೆ. "ಓದಿ ಸ್ವಾಮಿ."

ತಂದೆ ಕಣ್ಣು ಕಿರಿದು ಮಾಡಿ, ತಮ್ಮ ಹೆಸರನ್ನು ಒಂದೂ ತಪ್ಪಿಲ್ಲದೆ, ಗಟ್ಟಿಯಾಗಿ ಓದುತ್ತಾರೆ. ಆಮೇಲೆ ತಲೆದೂಗುತ್ತಾರೆ.

"ಒಳ್ಳೆ ಹೆಸರು. ಯಾರಿವರು?"

ಬೀಗದವನ ಅರ ನಿಂತುಹೋಗುತ್ತದೆ. ಮಗಳು ರಸ್ತೆಯ ಕಡೆ ಮುಖ ತಿರುಗಿಸುತ್ತಾರೆ.

"ದೊಡ್ಡ ಫೋಟೋಗ್ರಾಫರು ಸ್ವಾಮಿ," ಎನ್ನುತ್ತಾರೆ ಹೆಸರಜ್ಜ. "ಈ ಬೀದಿಯವರೇ."

"ಹಾಗಾದ್ರೆ ಚೆನ್ನಾಗಿ ಕೆತ್ತಿ."

ತಗಡನ್ನು ಮೇಣದ ದಿಮ್ಮಿಗೆ ಒತ್ತಿ ಕೂರಿಸಿ ಕೆತ್ತಲು ತೊಡಗುತ್ತಾರೆ. ಕಪ್ಪು ಬಣ್ಣ ಸೀಳಿ ಒಳಗಿನ ಹಿತ್ತಾಳೆ ಕೂದಲೆಳೆಯಷ್ಟು ಹೊಳೆಯುತ್ತದೆ. ಕೆಲಸ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸನ್ನೆಯ ಕರ್ರ್ ಸದ್ದು ಮಾತ್ರ ಆಗಾಗ ಕೇಳುತ್ತದೆ.

ತಿರುಪು ಬಿಗಿದು ಕೊಟ್ಟಾಗ ಮಗಳು ಕ್ಯಾಮೆರಾವನ್ನು ಬೋರಲು ಮಾಡಿ ನೋಡುತ್ತಾರೆ. ಹುಬ್ಬು ಗಂಟಾಗುತ್ತದೆ. "ಅಜ್ಜ, ಹೆಸರು ಇಷ್ಟು ಮೇಲೆ ಹೋಗಿದೆಯಲ್ಲ? ಕೆಳಗೆಲ್ಲ ಖಾಲಿ. ನಡುಮಧ್ಯಕ್ಕೆ ಬರ್ಬೇಕಿತ್ತು."

ಬೀಗದವನು ಕತ್ತು ಚಾಚಿ ನೋಡುತ್ತಾನೆ. ಅಳತೆಪಟ್ಟಿ ಇಡದೆ, ಬರಿಗಣ್ಣಿನಲ್ಲೇ ಹೆಸರನ್ನು ನಟ್ಟನಡುವೆ ಕೂರಿಸುವವರು ಎಂಬುದೇ ಈ ಗೂಡಿನ ದೊಡ್ಡಸ್ತಿಕೆ. ಗಿರಾಕಿಗಳಿಗೆ ಅದನ್ನು ಹೊಗಳಿ ಹೇಳುವವನೂ ಅವನೇ. "ಏನಜ್ಜ, ಐವತ್ತು ವರ್ಷಕ್ಕೆ ಮೊದಲ್ನೇ ಸಲ ಎಡವಿದ್ರಾ? ನಾಳೆಯಿಂದ ನನ್ನ ಅಳತೆಪಟ್ಟಿ ಕೊಡ್ತೀನಿ, ಬಾಡಿಗೆಗೆ."

"ಕೊಡಪ್ಪ," ಎನ್ನುತ್ತಾರೆ ಹೆಸರಜ್ಜ. ಆಕೆಯ ಕಡೆ ತಿರುಗಿ, "ಕಣ್ಣು ಮೊದಲಿನ ಹಾಗಿಲ್ಲ ತಾಯಿ. ತಪ್ಪಾಯ್ತು."

"ಹೋಗ್ಲಿ ಬಿಡಿ, ಹೆಸರಿದ್ರೆ ಸಾಕು." ಆಕೆ ತಂದೆಯ ತೋಳು ಹಿಡಿದು ಎಬ್ಬಿಸುತ್ತಾರೆ. ತಂದೆ ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು, "ನಡೀರಿ ಅಕ್ಕ," ಎಂದು ಮಗಳಿಗೆ ಹೇಳಿ ಮೆಟ್ಟಿಲು ದಾಟುತ್ತಾರೆ. ಈ ಸಲ ತಿರುಗಿ ನೋಡುವುದಿಲ್ಲ.

ಹೆಸರಜ್ಜ ಮೇಜಿನ ಮೇಲಿನ ಹಿತ್ತಾಳೆ ಪುಡಿಯನ್ನು ಕುಂಚದಿಂದ ಒಟ್ಟುಮಾಡುತ್ತಾರೆ. ಒಂದು ಚಿಟಿಕೆಯೂ ಇಲ್ಲ. ಇನ್ನೇನು ಆಸೆ ಉಳಿದಿದೆ ಎಂದು ಬೀಗದವನು ಕೇಳಿದರೆ, "ಕೈ ಓಡ್ತಾ ಇರೋದ್ರೊಳಗೆ ಆ ಹೆಣ್ಣುಮಗಳು ಕ್ಯಾಮೆರಾ ಹಿಡ್ಕೊಂಡು ಇನ್ನೊಂದು ಸಲ ಬರ್ಬೇಕು," ಎನ್ನುತ್ತಾರೆ. ಬಿಸಿಲು ಮೇಜು ಬಿಟ್ಟು ಗೋಡೆಗೆ ಹೋಗಿದೆ. ಅವರು ಉಳಿಯನ್ನು ಬಟ್ಟೆಯಲ್ಲಿ ಸುತ್ತಿಡುತ್ತಾರೆ.

ಆ ಕೆಳಗಿನ ಜಾಗ ಆಕೆಯದ್ದು, ಅದನ್ನು ಆಕೆಗೆಂದೇ ಅಪ್ಪ ಖಾಲಿ ಬಿಟ್ಟಿದ್ದರು ಎಂದು ಹೆಸರಜ್ಜ ಹೇಳಲಿಲ್ಲ.