ಹುಟ್ಟಿದೂರಲ್ಲಿ ಮೂಕವಾದ ಫೋನು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ, ಆದರೆ ಗತ್ತು ಅವರಿಗಿಂತ ಒಂದು ತೂಕ ಹೆಚ್ಚೇ ಇತ್ತು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು ಹಸಿರು ಚೀಟಿ ಅಂಟಿಸುವುದು, ಇಲ್ಲವೇ ಕೆಂಪು ಬಣ್ಣ ಬಳಿದು ಮೂಲೆಗೆ ತಳ್ಳುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಬೇರೆಯವರ ತಪ್ಪು ಹುಡುಕಿದವನಿಗೆ ತಾನೂ ತಪ್ಪಬಹುದು ಎಂಬ ಅನುಮಾನ ಸುಲಭವಾಗಿ ಬರುವುದಿಲ್ಲ.

ನಾವು ತಯಾರಿಸಿದ ಯಂತ್ರವೊಂದನ್ನು ಅಮೆರಿಕದಲ್ಲಿ, ಅದರ ಜೋಡಿಯನ್ನು ಮೆಕ್ಸಿಕೋದಲ್ಲಿ ಕೂರಿಸಿ ಬರಲು ನನ್ನನ್ನೂ ಒಬ್ಬ ಫಿಟ್ಟರನ್ನೂ ಆರಿಸಿದರು. ಫಿಟ್ಟರ್ ವಿಜಯಪುರದ ಕಡೆಯವನು, ರಾಜಗೋಪಾಲನಗರದಲ್ಲಿ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ. ನನ್ನ ಹೆಂಡತಿಗೆ ಆಗ ಎಂಟು ತಿಂಗಳು. ಮದುವೆಯಾದ ಒಂಬತ್ತು ವರ್ಷಕ್ಕೆ ನಿಂತ ಮೊದಲ ಬಸಿರು. ಹೋಗಬೇಡಿ ಎಂದು ಅವಳು ಹೇಳಲಿಲ್ಲ. "ಹೆರಿಗೆ ರೂಮಿಗೆ ಹೋಗೋಕೆ ಮುಂಚೆ ನಿಮ್ಮ ಧ್ವನಿ ಒಂದ್ಸಲ ಕೇಳ್ಬೇಕು, ಅಷ್ಟೆ" ಅಂದಳು. ಕೇಳಿಸುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕಾಗಿ ಒಂದೇ ಕಂಪನಿಗೆ ಕಟ್ಟುಬೀಳದ, ಯಾವ ದೇಶದ ಸಿಮ್ ಹಾಕಿದರೂ ನಡೆಯುವ ಅನ್‌ಲಾಕ್ ಸ್ಮಾರ್ಟ್‌ಫೋನ್ ಹುಡುಕತೊಡಗಿದೆ.

ಪಟ್ಟಂದೂರು ಅಗ್ರಹಾರದಲ್ಲಿ ಐಟಿ ಪಾರ್ಕಿನವನೊಬ್ಬ ಅಮೆರಿಕದಿಂದ ತಂದ ಫೋನು ಮಾರುತ್ತಿದ್ದ. ಮೂರು ಬಸ್ಸು ಬದಲಿಸಿ ಹೋದೆ. "ಅಲ್ಲಿ ಎರಡು ವರ್ಷ ಯೂಸ್ ಮಾಡಿದೀನಿ ಸಾರ್. ದುಬೈ, ಸಿಂಗಪುರದ ಸಿಮ್ಮೂ ತಗೊಂಡಿದೆ" ಅಂದ. ಬಾಯಿಮಾತು ನಂಬಿ ಚೀಟಿ ಅಂಟಿಸುವ ಪೈಕಿಯೇ ನಾನು? ನೆರೆಹೊರೆಯವರಿಂದ ಬೇಡಿ ತಂದಿದ್ದ ಐದು ಕಂಪನಿಗಳ ಸಿಮ್‌ಗಳನ್ನು ಕರವಸ್ತ್ರದಿಂದ ಬಿಚ್ಚಿದೆ. ಒಂದೊಂದನ್ನೇ ಹಾಕಿ, ಕರೆ ಮಾಡಿ, ಕಾರ್ಖಾನೆಯ ನಮೂನೆಯಲ್ಲೇ ವರದಿ ಬರೆದೆ. ಅಷ್ಟರಲ್ಲಿ ಅವನ ಮನೆಯವರು ನನಗೆ ಎರಡು ಸಲ ಕಾಫಿ ಕೊಟ್ಟು, ಮೂರನೆಯ ಸಲಕ್ಕೆ ಟಿವಿ ಹಾಕಿಕೊಂಡು ಕೂತರು. ಫೋನಿನ ಬೆನ್ನಿಗೆ ಹಸಿರು ಚೀಟಿ ಅಂಟಿಸಿಕೊಂಡೇ ಎದ್ದೆ.

ಮರುದಿನ ಟೀ ಅಂಗಡಿಯಲ್ಲಿ ಅದನ್ನು ಎಲ್ಲರ ಕೈಗೂ ಕೊಟ್ಟು ಮೆರೆದೆ. ಫಿಟ್ಟರ್ ತಿರುಗಿಸಿ ನೋಡಿದ. "ಸರ, ಐದೂ ಇಲ್ಲಿನ ಸಿಮ್ ಆದ್ವು. ಅಮೇರಿಕಾದಾಗ ಬ್ಯಾರೆ ಕಂಪನಿದು ಹಾಕಿ ನೋಡ್ಯಾರೇನ್ರಿ?"

"ಅಲ್ಲೇ ಹುಟ್ಟಿದ ಫೋನು ಅಲ್ಲಿ ನಡೀದೇ ಇರುತ್ತೇನಯ್ಯಾ? ನೀನು ನಿನ್ನ ಸ್ಪ್ಯಾನರ್ ನೋಡ್ಕೊ" ಅಂದೆ. ಸುತ್ತಲಿದ್ದವರು ನಕ್ಕರು. ಅವನೂ ನಕ್ಕ.

ಅಮೆರಿಕದ ಆ ಸಣ್ಣ ಊರಿನಲ್ಲಿ ಸಿಮ್ ಕೊಂಡು ಹಾಕಿದರೆ ಫೋನು ಒಪ್ಪಲೇ ಇಲ್ಲ. ಅಂಗಡಿಯಾಕೆ ಅದನ್ನು ನೋಡಿ ವಿಷಯ ಬಿಡಿಸಿ ಹೇಳಿದಳು. ಮೊದಲು ಮಾರಿದ ಕಂಪನಿ ಬೇರೆ ದೇಶಗಳ ಸಿಮ್‌ಗಳಿಗೆ ಮಾತ್ರ ಬೀಗ ತೆಗೆದಿದೆ, ತನ್ನ ದೇಶದ ಎದುರಾಳಿ ಕಂಪನಿಗಳಿಗೆ ಬೀಗ ಹಾಗೆಯೇ ಇದೆ. ಆ ಕಂಪನಿಯದೇ ಸಂಪರ್ಕ ಬೇಕೆಂದರೆ ಎರಡು ವರ್ಷದ ಕರಾರು. ನಾವಿದ್ದದ್ದು ಐದು ವಾರ. ಭೂಮಿಯ ಮೇಲೆಲ್ಲ ಮಾತಾಡುವ ಫೋನು ತವರಿನಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಬಿಡಿಭಾಗ ಮೇಜಿನ ಮೇಲೆ ಪಾಸಾದರೆ ಸಾಲದು, ಕೂರುವ ಜಾಗದಲ್ಲಿ ಕೂತರೆ ಮಾತ್ರ ಪಾಸು ಎಂದು ಹದಿನಾಲ್ಕು ವರ್ಷ ಬೇರೆಯವರಿಗೆ ಪಾಠ ಹೇಳಿದವನು ನಾನೇ.

ಫಿಟ್ಟರ್ ಅದೇ ಅಂಗಡಿಯಲ್ಲಿ, ಒಂದೇ ಕಂಪನಿಗೆ ಬೀಗ ಹಾಕಿದ ಅತಿ ಅಗ್ಗದ ಬಟನ್ ಫೋನು ಕೊಂಡು, ಹತ್ತು ನಿಮಿಷದಲ್ಲಿ ಮನೆಗೆ ಮಾತಾಡಿದ. "ನೀವೂ ಒಂದ್ ತಗೊಳ್ರಿ ಸರ" ಅಂದ. ಅವನೆದುರು ಅದನ್ನು ಕೊಳ್ಳುವುದೆಂದರೆ ನನ್ನ ಹಸಿರು ಚೀಟಿಯನ್ನು ನಾನೇ ಕಿತ್ತಂತೆ. "ಇದನ್ನೇ ಸರಿ ಮಾಡಿಸ್ತೀನಿ" ಅಂದೆ. ಸದ್ಯಕ್ಕಿರಲಿ ಎಂದು ಹೆಂಡತಿಗೆ ಅವನ ನಂಬರು ಕೊಟ್ಟೆ.

ಸದ್ಯಕ್ಕೆ ಎಂಬುದು ನಾಲ್ಕು ವಾರವಾಯಿತು. ಒಂದು ಭಾನುವಾರ ಬೆಳಿಗ್ಗೆ, ಪಕ್ಕದ ಊರಿನಲ್ಲಿ ಬೀಗ ತೆಗೆಯುವವನಿದ್ದಾನೆಂದು ಕೇಳಿ ಅಲ್ಲಿಗೆ ಹೋದೆ. ಹೆರಿಗೆಗೆ ಇನ್ನೂ ಹತ್ತು ದಿನವಿದೆ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯವನು ಮಧ್ಯಾಹ್ನದವರೆಗೆ ಕೂರಿಸಿಕೊಂಡು, ಆಗುವುದಿಲ್ಲ ಎಂದ. ಮರಳಿ ಬಂದಾಗ ಫಿಟ್ಟರ್ ಲಾಡ್ಜಿನ ಬಾಗಿಲಲ್ಲೇ ನಿಂತಿದ್ದ.

"ಸರ, ಹೆಣ್ಮಗು. ಇಬ್ರೂ ಆರಾಮ ಅದಾರ."

ನಾನು ಹೊರಟ ಸ್ವಲ್ಪ ಹೊತ್ತಿಗೇ ಅವಳ ಕರೆ ಬಂದಿತ್ತಂತೆ. ನಾನಿಲ್ಲ ಎಂದು ತಿಳಿದು ಅತ್ತಳಂತೆ. "ನೀನೇನು ಹೇಳಿದೆ?" ಎಂದು ಕೇಳಿದೆ.

"ಏನಿಲ್ರಿ. ನನ್ನ ಹೇಣ್ತಿ ಹೆರಿಗಿ ಹೊತ್ತಿನಾಗ ನಾನ ಎಚ್ಚರ ತಪ್ಪಿ ಬಿದ್ದಿದ್ದು ಹೇಳಿದ್ನಿ. ನಕ್ಕರು. ನಗಕೋತನ ಒಳಗ ಹೋದ್ರು."

ನನಗೆ ನಾಚಿಕೆಯಾಯಿತು. ಸುಳ್ಳೇಕೆ, ಅವನ ಮೇಲೆ ಹೊಟ್ಟೆಕಿಚ್ಚೂ ಆಯಿತು. ಅವನ ಫೋನಿನಲ್ಲೇ ಹೆಂಡತಿಯೊಂದಿಗೆ ಎರಡು ಮಾತಾಡಿ ಹಿಂದಿರುಗಿಸಿದೆ.

ಮುಂದಿನ ವಾರ ಮೆಕ್ಸಿಕೋದಲ್ಲಿ ನನ್ನ ಫೋನು ಮೊದಲ ಸಿಮ್ಮನ್ನೇ ಒಪ್ಪಿಕೊಂಡಿತು. ಬೆನ್ನ ಮೇಲೆ ಹಸಿರು ಚೀಟಿ ಇನ್ನೂ ಇತ್ತು. ಮನೆಗೆ ಕರೆ ಮಾಡಿ, "ನೋಡು, ನನ್ನ ಫೋನಿಂದಲೇ ಮಾತಾಡ್ತಿದೀನಿ" ಅಂದೆ. ಹಿಂದೆ ಮಗು ಅಳುತ್ತಿತ್ತು.

"ಆ ಅಣ್ಣ ಪಕ್ಕದಲ್ಲಿದಾರಾ?" ಅಂದಳು. "ಅವ್ರಿಗೆ ಕೊಡಿ ಫೋನು."