ಅಗಾಫಿಯಾಳ ನಲವತ್ತೊಂದು ಕೋಲು

ಅಗಾಫಿಯಾಳಿಗೆ ಅರವತ್ತೊಂಬತ್ತು ವರ್ಷ. ಈ ವಯಸ್ಸಿಗೆ ಬಂದವರು ಸುಳ್ಳು ಹೇಳುವುದಿಲ್ಲ ಎಂದು ಯಾರಾದರೂ ನಂಬಿದ್ದರೆ ಅವರು ಒಮ್ಮೆ ಉತ್ತರದ ಹಿಮನಾಡಿನ ನುಷಗಾಕ್ ನದಿಯ ದಡಕ್ಕೆ ಬಂದು ಅವಳ ಕೈಯ ಚಹಾ ಕುಡಿದು ಹೋಗಲಿ. ಬಾಯಿಂದ ಅವಳು ಸುಳ್ಳು ಹೇಳುವುದಿಲ್ಲ, ಅದು ನಿಜ. ಅದಕ್ಕೆ ಅವಳ ಬಳಿ ಬೇರೆ ಸಾಮಾನುಗಳಿವೆ.

ಮೇ ತಿಂಗಳಲ್ಲಿ ನದಿಯ ಮಂಜುಗಡ್ಡೆ ಒಡೆದು ಹೋದ ಮೇಲೆ ಆ ಊರಿನ ಎಲ್ಲರ ತಲೆಯಲ್ಲೂ ಒಂದೇ ಪ್ರಶ್ನೆ: ಈ ಸಲ ಸಾಲ್ಮನ್ ಮೀನು ಎಷ್ಟು ಬರುತ್ತದೆ? ಆದರೆ ಯಾರೂ ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೇಳಿದರೂ ಯಾರೂ ಹೇಳುವ ಹಾಗಿಲ್ಲ. ಮೀನಿಗೆ ಕಿವಿಯಿದೆ. ತಾನಿನ್ನೂ ಸಮುದ್ರದಲ್ಲಿರುವಾಗಲೇ ದಡದವರು ತನ್ನನ್ನು ಎಣಿಸುತ್ತಾ ಕೂತಿದ್ದಾರೆಂದು ತಿಳಿದರೆ ಅದು ಮುಖ ತಿರುಗಿಸಿ ಬೇರೆ ನದಿಗೆ ಹೋಗುತ್ತದೆ. ಮರ್ಯಾದೆಯಿದ್ದ ಯಾರಾದರೂ ಹಾಗೆಯೇ ಮಾಡುತ್ತಾರೆ.

ಹಾಗಾಗಿ ಊರು ಬಾಯಿ ಮುಚ್ಚಿಕೊಂಡು ಅಗಾಫಿಯಾಳ ಚಪ್ಪರ ನೋಡುತ್ತಿತ್ತು. ಕುಯ್ದ ಮೀನನ್ನು ಗಾಳಿಗೆ ಒಣಹಾಕಲು ಅವಳು ಮೇ ತಿಂಗಳಲ್ಲಿ ಚಪ್ಪರಕ್ಕೆ ಅಡ್ಡಕೋಲು ಕಟ್ಟುತ್ತಾಳೆ. ಮೂವತ್ತು ಕೋಲು ಕಟ್ಟಿದರೆ ಒಳ್ಳೆಯ ವರ್ಷ. ಹತ್ತು ಕಟ್ಟಿದರೆ ಚಳಿಗಾಲಕ್ಕೆ ಹಿಮಸಾರಂಗದ ಬೇಟೆಯೇ ಗತಿ. ಇಪ್ಪತ್ತೆಂಟು ವರ್ಷದಿಂದ ಅವಳ ಕೋಲು ತಪ್ಪಿರಲಿಲ್ಲ.

ಮೇ ಬಂತೆಂದರೆ ಊರವರಿಗೆಲ್ಲ ಅವಳ ಮನೆಯ ಮುಂದೆಯೇ ಕೆಲಸ. ಪಾದ್ರಿಯ ಹೆಂಡತಿಗೆ ಕಳೆದುಹೋದ ನಾಯಿ ಅಲ್ಲಿಯೇ ಸಿಗಬೇಕು. ಮೈದುನ ವಾಸಿಲಿ ನೀರು ತರಲೆಂದು ಖಾಲಿ ಬಕೆಟ್ ಹಿಡಿದು ಹೊಳೆಗೆ ಹೊರಡುತ್ತಾನೆ; ಅವನ ಮನೆಗೆ ನಲ್ಲಿ ಬಂದು ಹದಿನೈದು ವರ್ಷವಾಯಿತು. ಮೀನಿನ ಲೆಕ್ಕದ ಕಚೇರಿಯ ಲೈಲ್ ಕೂಡ ಬರುತ್ತಾನೆ. ಅವನ ಕಚೇರಿಯವರು ಬೇಸಿಗೆಯಿಡೀ ನದಿಯ ದಡದಲ್ಲಿ ಅಟ್ಟಣೆ ಹತ್ತಿ ಕೂತು, ಗಂಟೆಗೆ ಹತ್ತು ನಿಮಿಷದಂತೆ ಮೀನು ಎಣಿಸಿ, ಚಳಿಗಾಲದಲ್ಲಿ ಕಂಪ್ಯೂಟರಿಗೆ ತಿನ್ನಿಸಿ, ಮುಂದಿನ ವರ್ಷದ ಭವಿಷ್ಯ ಬರೆದು ಹಂಚುತ್ತಾರೆ. ಅಷ್ಟೆಲ್ಲ ಮಾಡಿಯೂ ಅವನು ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು ಕಿಟಕಿಯ ಪಕ್ಕವೇ ಕೂರುತ್ತಾನೆ. ಚಹಾ ಹೀರುವಾಗ ತುಟಿ ಮೆಲ್ಲಗೆ ಆಡುತ್ತಿರುತ್ತದೆ.

"ಎಣಿಸಿ ಆಯ್ತೇನಪ್ಪಾ, ಇನ್ನೊಂದು ಲೋಟ ಕೊಡ್ಲಾ?" ಎಂದು ಅಗಾಫಿಯಾ ಕೇಳಿದರೆ ಪಾಪ, ಕಿವಿಯವರೆಗೂ ಕೆಂಪಾಗುತ್ತಾನೆ.

ಅವಳಿಗೆ ಕನಸು ಬೀಳುವುದಿಲ್ಲ, ಮೈಮೇಲೆ ಯಾರೂ ಬರುವುದಿಲ್ಲ. ಏಳನೆಯ ವರ್ಷದಿಂದ ಮೀನು ಕುಯ್ಯುತ್ತಿದ್ದಾಳೆ, ಅಷ್ಟೆ. ಒಂದೇ ವರ್ಷ ಹುಟ್ಟಿ ಒಟ್ಟಿಗೆ ಸಮುದ್ರಕ್ಕೆ ಇಳಿದ ಕೆಂಪು ಸಾಲ್ಮನ್‌ಗಳಲ್ಲಿ ಅವಸರದವು ಎರಡೇ ವರ್ಷಕ್ಕೆ ಚಿಕ್ಕ ಮೈಯಲ್ಲೇ ನದಿಗೆ ಓಡಿ ಬರುತ್ತವೆ, ನಿಧಾನದವು ಮೂರನೆಯ ವರ್ಷ ದಪ್ಪಗಾಗಿ ಬರುತ್ತವೆ. ಈ ವರ್ಷ ಅವಸರದವು ಹೆಚ್ಚು ಸಿಕ್ಕರೆ, ಹಿಂದುಳಿದ ಅವುಗಳ ಒಡಹುಟ್ಟಿದವೂ ಹೆಚ್ಚಿವೆ, ಮುಂದಿನ ವರ್ಷ ಬರುತ್ತವೆ. ಕುಯ್ಯುವ ಮೇಜಿನ ಮೇಲೆ ಚಿಕ್ಕವನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುವುದು ಅವಳ ಗುಟ್ಟು. ಗುಟ್ಟು ತನ್ನೊಬ್ಬಳದೇ ಎಂದು ಅವಳು ತಿಳಿದಿದ್ದಳು.

ಹೋದ ಬೇಸಿಗೆ ಮೇಜಿನ ಮೇಲೆ ಚಿಕ್ಕ ಮೀನು ಬೆರಳೆಣಿಕೆಯಷ್ಟು ಬಂದಿದ್ದವು. ಹಾಗಾಗಿ ಈ ಮೇ ತಿಂಗಳಲ್ಲಿ ಅವಳು ಹತ್ತೇ ಕೋಲು ಕಟ್ಟಬೇಕಿತ್ತು. ಲುಕೇರಿಯಾ ಬಂದು ಎಲ್ಲ ಕೆಡಿಸಿದಳು.

ಲುಕೇರಿಯಾ ಅಗಾಫಿಯಾಳ ಸೋದರಮಾವನ ಮಗಳು. ಮಾವನ ಮಗಳು, ಅತ್ತೆಯ ಮಗಳು ಎಂದರೆ ಅಲ್ಲಿ ಒಬ್ಬರನ್ನೊಬ್ಬರು ಸಾಯುವವರೆಗೆ ಕಿಚಾಯಿಸಲು ಹುಟ್ಟಿದವರು. ಏನು ಬೇಕಾದರೂ ಅನ್ನಬಹುದು, ಕೋಪಿಸಿಕೊಳ್ಳುವಂತಿಲ್ಲ. ನಲವತ್ತಮೂರು ಬೇಸಿಗೆ ಇಬ್ಬರೂ ಒಂದೇ ಮೇಜಿನ ಆ ಕಡೆ ಈ ಕಡೆ ನಿಂತು ಮೀನು ಕುಯ್ದಿದ್ದಾರೆ. ಅಗಾಫಿಯಾಳ ಗಂಡ ಎವನ್ ಸತ್ತ ವರ್ಷವೂ ಲುಕೇರಿಯಾ ಅವಳೆದುರು ನಿಂತು, "ಅಳು, ಆದ್ರೆ ಮೀನಿನ ಮೇಲೆ ಅಳ್ಬೇಡ, ಉಪ್ಪು ಜಾಸ್ತಿ ಆಗುತ್ತೆ" ಎಂದಿದ್ದಳು. ಅಷ್ಟು ವರ್ಷದಲ್ಲಿ ಇಬ್ಬರೂ ನೆಟ್ಟಗೆ ಒಂದು ಮಾತು ಆಡಿದ್ದಿಲ್ಲ.

ಆ ದಿನ ಲುಕೇರಿಯಾ ಮೊಣಕಾಲು ನೀವಿಕೊಳ್ಳುತ್ತಾ ಕೂತಳು.

"ಸಿಯಾಟಲ್ ಕಡೆಯವನೊಬ್ಬ ನದಿಗೆ ಬಲೆ ಹಾಕೋ ನನ್ನ ಪರವಾನಗಿ ಕೊಂಡ್ಕೋತೀನಿ ಅಂತಿದಾನೆ ಕಣೇ. ಭಾನುವಾರ ವಿಮಾನದಲ್ಲಿ ಬರ್ತಾನೆ. ಮಾರಿ ಪಟ್ಟಣಕ್ಕೆ ಹೋಗ್ತೀನಿ, ತಂಗಿ ಮನೇಲಿ ಬಿಸಿನೀರಿನ ತೊಟ್ಟಿ ಇದೆ. ನಿನ್ನ ಮುಖ ನೋಡಿ ನೋಡಿ ನನ್ನ ಕಣ್ಣಿಗೆ ಪೊರೆ ಬಂತು."

"ಹೋಗೇ ಮಾರಾಯ್ತಿ," ಎಂದಳು ಅಗಾಫಿಯಾ. "ನಿನ್ನ ಗೊರಕೆ ಇಲ್ದೆ ನನಗೆ ನಿದ್ದೆಯಾದ್ರೂ ಬಂದೀತು."

"ಇನ್ನೂ ಗಟ್ಟಿ ಮಾಡಿಲ್ಲ. ಭಾನುವಾರದೊಳಗೆ ಯೋಚ್ನೆ ಮಾಡ್ತೀನಿ," ಎಂದ ಲುಕೇರಿಯಾಳ ಕಣ್ಣು ಕಿಟಕಿಯಾಚೆ ಚಪ್ಪರದ ಮೇಲೆ ಹೋಯಿತು. ಅಲ್ಲಿ ಇನ್ನೂ ಒಂದೂ ಕೋಲು ಇರಲಿಲ್ಲ.

ಅವಳು ಹೋದ ಮೇಲೆ ಅಗಾಫಿಯಾ ಒಂದೇ ಲೋಟವನ್ನು ಎರಡು ಸಲ ತೊಳೆದಳು. ಊರಿನಿಂದ ಹೊರಗೆ ಹೋದ ಪರವಾನಗಿ ಮತ್ತೆ ಊರಿಗೆ ಬಂದದ್ದಿಲ್ಲ, ಅದರ ಜೊತೆ ಹೋದವರೂ ಬಂದದ್ದಿಲ್ಲ. ಮೇಜಿನ ಆ ಕಡೆ ಯಾರೂ ಇಲ್ಲದ ಬೇಸಿಗೆಯನ್ನು ನೆನೆದು ಅವಳಿಗೆ ಭಯವಾಯಿತು. ಹೋಗಬೇಡ ಎನ್ನಬಹುದಿತ್ತು. ಆದರೆ ಮಾವನ ಮಗಳ ಮುಂದೆ ಅಂಥ ಮಾತನ್ನು ಬಾಯಿಗೆ ತರುವುದು ಹೇಗೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಹತ್ತು ಕೋಲು ಕಟ್ಟಿದಳು. ನಿಂತು ನೋಡಿದಳು. ಹನ್ನೊಂದನೆಯದು ಕಟ್ಟಿದಳು. ಆಮೇಲೆ ಕೈ ನಿಲ್ಲಲಿಲ್ಲ. ಹಳೆಯ ಕೋಲು ಮುಗಿದಾಗ ಎವನ್‌ನ ದೋಣಿಯ ಹುಟ್ಟನ್ನೂ ಬಿಡದೆ ಕಟ್ಟಿದಳು. ಸಂಜೆಗೆ ನಲವತ್ತೊಂದು.

ಭಾನುವಾರ ಲುಕೇರಿಯಾ, ಮನೆಮನೆಯಲ್ಲೂ ಇರುವ ಮಾತಾಡುವ ರೇಡಿಯೋದಲ್ಲಿ, ಊರೆಲ್ಲ ಕೇಳುವಂತೆ ಆ ಗಿರಾಕಿಗೆ ಹೇಳಿದಳು: "ಬರ್ಬೇಡಪ್ಪಾ. ಈ ವರ್ಷ ಮಾರಲ್ಲ."

ಅಗಾಫಿಯಾ ಒಲೆಯ ಮುಂದೆ ಒಬ್ಬಳೇ ಕೂತು ಕಿಲಕಿಲ ನಕ್ಕಳು. ಅವಳ ಸಂತೋಷ ಮೂರು ದಿನ ಇತ್ತು. ನಾಲ್ಕನೆಯ ದಿನ ಅಂಗಡಿಯಲ್ಲಿ ಉಪ್ಪು ಮುಗಿಯಿತು. ಊರಿಗೂ ಕಣ್ಣಿದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು. ಹತ್ತು ವರ್ಷದಿಂದ ಬಲೆ ಮುಟ್ಟದವರೂ ಬಲೆ ಹೊಲಿಯತೊಡಗಿದರು. ಪಾದ್ರಿ ಮೀನು ಒಣಗಿಸುವ ಹೊಗೆಮನೆಗೆ ಎರಡನೆಯ ಅಟ್ಟ ಹಾಕಿಸಿದ. ಅಗಾಫಿಯಾ ಹೆದರಿ ನಾಲ್ಕು ಕೋಲು ಬಿಚ್ಚಿಟ್ಟರೆ, ಅವುಗಳ ಜಾಗಕ್ಕೆ ಗಟ್ಟಿ ಕೋಲು ಬರಲಿವೆಯೆಂದು ಸುದ್ದಿ ಹಬ್ಬಿ ಜನ ಮೀನು ತುಂಬಿಡಲು ಮತ್ತಷ್ಟು ಡಬ್ಬ ತರಿಸಿದರು. ಅವಳು ಸುಮ್ಮನೆ ಮತ್ತೆ ಕಟ್ಟಿದಳು.

ಲೈಲ್ ಬಂದು ಎರಡು ಸಲ ಎಣಿಸಿದ. "ಅಜ್ಜಿ, ನಮ್ಮ ಲೆಕ್ಕದಲ್ಲಿ ಈ ವರ್ಷ ತೀರಾ ಕಡಿಮೆ..."

"ಶ್! ನಿಮ್ಮ ಲೆಕ್ಕ ನನ್ನ ಮನೆಗೆ ತರ್ಬೇಡ. ನಾನು ಕೋಲಿಗೆ ಬಿಸಿಲು ತೋರಿಸ್ತಿದೀನಿ, ಅಷ್ಟೆ."

ವಾಸಿಲಿಯಂತೂ ಉಗಿಸ್ನಾನದ ಗುಡಿಸಲಿನಲ್ಲಿ, ಏಳು ಜನ ಗಂಡಸರ ಮುಂದೆ, ತೊಡೆ ತಟ್ಟಿ, "ನಲವತ್ತೊಂದು ಕಣ್ರೋ! ಈ ಸಲ ದೋಣಿ ಮುಳುಗೋಷ್ಟು ಮೀನು!" ಎಂದುಬಿಟ್ಟ. ಪಕ್ಕದವನು ಕಾದ ಕಲ್ಲಿನ ಮೇಲೆ ಒಂದು ಚೊಂಬು ನೀರು ಸುರಿದು ಅವನ ಬಾಯಿ ಮುಚ್ಚಿಸಿದ.

ಜುಲೈ ಬಂತು. ಮೀನು ಬರಲಿಲ್ಲ. ನದಿ ತುಂಬಿ ಬರಬೇಕಾದ ವಾರದಲ್ಲಿ ಬಲೆಗೆ ಪಾಚಿ ಬಂತು, ಚಪ್ಪಟೆ ಮೀನು ಬಂತು, ಯಾರದೋ ಬೂಟು ಬಂತು. ಸಾಲ್ಮನ್ ದಿನಕ್ಕೆ ಹತ್ತು, ಹದಿನೈದು.

ಅಗಾಫಿಯಾಳ ಕೋಲು ಸುಳ್ಳೆಂದು ಯಾರಿಗೂ ಹೊಳೆಯಲಿಲ್ಲ. ಮೀನು ಹೊರಟಿತ್ತು, ಆದರೆ ವಾಸಿಲಿ ಬಾಯಿಬಿಟ್ಟು ಎಣಿಸಿದ, ಕೇಳಿಸಿಕೊಂಡು ತಿರುಗಿ ಹೋಯಿತು ಎಂದು ಊರು ತೀರ್ಮಾನಿಸಿತು. ಉಗಿಸ್ನಾನಕ್ಕೆ ಅವನನ್ನು ಕರೆಯುವುದು ನಿಂತಿತು. ಚರ್ಚಿನಲ್ಲಿ ಅವನ ಪಕ್ಕದ ಜಾಗ ಖಾಲಿ ಉಳಿಯಿತು. ಒಂದು ಮಧ್ಯಾಹ್ನ ಅವನು ಅಗಾಫಿಯಾಳ ಬಾಗಿಲಿಗೆ ಬಂದ, ಬಕೆಟ್ ಕೂಡ ಇಲ್ಲದೆ.

"ಅತ್ತಿಗೆ, ನನ್ನ ಹಾಳು ಬಾಯಿಂದ ಊರೆಲ್ಲ ಹಸಿಯೋ ಹಾಗಾಯ್ತು."

ಅವಳು ಅವನಿಗೆ ಕೊಬ್ಬು ಹಾಕಿ ಕಲಸಿದ ಹಣ್ಣಿನ ಅಕುತಾಕ್ ದೊಡ್ಡ ಬಟ್ಟಲು ತುಂಬ ಬಡಿಸಿದಳು. ಅವನು ಅರ್ಧ ತಿಂದು ಎದ್ದುಹೋದ. ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಮರುದಿನ ದಡದ ಮೇಜಿನ ಮೇಲೆ ಒಂಬತ್ತು ಮೀನು. ಆ ಕಡೆ ಲುಕೇರಿಯಾ, ಈ ಕಡೆ ಅವಳು. ಅರ್ಧಚಂದ್ರದ ಚೂರಿಯನ್ನು ಕೆಳಗಿಟ್ಟು ಅಗಾಫಿಯಾ ಹೇಳಿದಳು:

"ವಾಸಿಲಿದು ತಪ್ಪಿಲ್ಲ ಕಣೇ. ಕೋಲು ಸುಳ್ಳು. ಹತ್ತು ಕಟ್ಟಬೇಕಿತ್ತು. ನೀನು ಮಾರಬಾರದು ಅಂತ ನಲವತ್ತೊಂದು ಕಟ್ಟಿದೆ. ನಿನ್ನ ವರ್ಷ ಹಾಳು ಮಾಡಿದೆ."

ಲುಕೇರಿಯಾ ತಲೆ ಎತ್ತಲಿಲ್ಲ. ಎರಡನೆಯ ಮೀನಿನ ಹೊಟ್ಟೆ ಸೀಳಿದಳು.

"ಗೊತ್ತು."

"ಏನು ಗೊತ್ತು?"

"ಹೋದ ವರ್ಷ ಚಿಕ್ಕ ಮೀನು ಬಂದಿರಲಿಲ್ಲ ಅಂತ. ಈ ಕಡೆ ನಿಂತು ಕುಯ್ದಿದ್ದು ನಿಮ್ಮಜ್ಜಿನಾ? ನಿನಗೊಬ್ಬಳಿಗೇನಾ ಕಣ್ಣಿರೋದು?"

ಅಗಾಫಿಯಾ ಮೇಜಿನ ಮೇಲೆ ಬಾಗಿದಳು. "ಮತ್ತೆ ಯಾಕೇ ಮಾರ್ಲಿಲ್ಲ?"

"ಮೀನೆಷ್ಟು ಬರುತ್ತೆ ಅಂತ ನೋಡೋಕೆ ನಾನು ನಿನ್ನ ಚಪ್ಪರ ನೋಡಿದ್ನಾ, ಪೆದ್ದಿ? ನೀನು ಎಷ್ಟು ಸುಳ್ಳು ಕಟ್ತೀಯ ಅಂತ ನೋಡಿದೆ. ಹತ್ತೇ ಕೋಲು ಕಟ್ಟಿದ್ದಿದ್ರೆ ಭಾನುವಾರವೇ ಗಂಟು ಕಟ್ತಿದ್ದೆ."

ಇಪ್ಪತ್ತೆಂಟು ವರ್ಷ ಊರನ್ನೆಲ್ಲ ಕಿಟಕಿಯ ಹಿಂದಿನಿಂದ ನೋಡಿ ನಕ್ಕವಳು ಈಗ ತಾನೇ ಸಿಕ್ಕಿಬಿದ್ದಿದ್ದಳು. ಅವಳಿಗೆ ಕೆಟ್ಟ ಕೋಪ ಬಂತು. ಕೈಗೆ ಸಿಕ್ಕ ಮೀನಿನ ಬಾಲವನ್ನು ಎತ್ತಿ ಎಸೆದಳು. ಅದು ಲುಕೇರಿಯಾಳ ಹೆಗಲಿಗೆ ಬಡಿದು ಮರಳಿಗೆ ಬಿತ್ತು. ಆಮೇಲೆ, ಯಾಕೆಂದು ಅವಳಿಗೇ ತಿಳಿಯದೆ, ಕಣ್ಣು ತುಂಬಿಕೊಂಡಿತು.

"ಇದರಲ್ಲಿ ದೊಡ್ಡದನ್ನ ತಗೊಂಡು ವಾಸಿಲಿ ಮನೆಗೆ ಹೋಗು," ಎಂದಳು ಲುಕೇರಿಯಾ. "ನಿಜ ಹೇಳು. ರೇಡಿಯೋದಲ್ಲೂ ಹೇಳು, ಊರೆಲ್ಲ ಕೇಳ್ಲಿ. ನಾನೂ ಕೇಳ್ಬೇಕು, ಚೆನ್ನಾಗಿರುತ್ತೆ."

ಅಗಾಫಿಯಾ ಮೂಗು ಒರೆಸಿಕೊಂಡಳು. ಮೀನು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಿ ನಿಂತಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಲುಕೇರಿಯಾ. ಹೋಗ್ಬೇಡ."

ಹಿಂದೆ ಚೂರಿಯ ಸದ್ದು ನಿಂತಿತು.

"ಎಲ್ಲಿಗೇ ಹೋಗ್ಲಿ?" ಎಂದಳು ಲುಕೇರಿಯಾ. "ಇಲ್ಲಿ ಇನ್ನೂ ಆರು ಮೀನು ಕುಯ್ಯೋದಿದೆ. ಬೇಗ ಬಾ."