ಮೊಳೆಗೆ ನೇತುಹಾಕಿದ ಯಜಮಾನ

ನನ್ನ ವಾರಗಿತ್ತಿ ಅಪೊಂಡಿಯನ್ನು ನಮ್ಮೂರು ಕದುಂಡೊದಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ನಮ್ಮ ಲುವೊ ಜನರಲ್ಲಿ ಸೊಸೆಯನ್ನು ಅವಳ ತವರಿನ ಹೆಸರಿನಿಂದ ಕರೆಯುವುದು ರೂಢಿ. ಅವಳು ಉಗೆನ್ಯ ಕಡೆಯವಳು, ಹಾಗಾಗಿ ನ್ಯಾರ್ ಉಗೆನ್ಯ. ಉಗೆನ್ಯದ ಮಗಳು ಎಂದರ್ಥ. ನಾನು ಸೆಮೆಯಿಂದ ಬಂದವಳು, ನ್ಯಾರ್ ಸೆಮೆ. ಅವಳು ಅಣ್ಣನನ್ನು ಕಟ್ಟಿಕೊಂಡಳು, ನಾನು ತಮ್ಮನನ್ನು. ಒಂದೇ ಅಂಗಳ, ಎದುರುಬದುರು ಮನೆ, ನಡುವೆ ಅತ್ತೆಯ ಗುಡಿಸಲು.

ಅವಳ ನಗು ಸರೋವರದ ದಡದಿಂದಲೇ ಕೇಳುತ್ತಿತ್ತು. ದೋಣಿಗಳು ಬೆಳಿಗ್ಗೆ ತಂದ ಸಣ್ಣ ಮೀನನ್ನು ಕೊಂಡು, ಹಳೆಯ ಬಲೆಗಳ ಮೇಲೆ ಹರವಿ ಒಣಗಿಸಿ, ಸಂತೆಯಲ್ಲಿ ಮಾರುವುದು ಅವಳ ಕಸುಬು. ಮೀನು ಮಗುಚುವಾಗ ಗಂಡಸರ ಹಾಗೆ ಸಿಳ್ಳೆ ಹಾಕುತ್ತಿದ್ದಳು. ಅತ್ತೆ ಅಕುಮು ಅದಕ್ಕೆ ಮೂಗು ಮುರಿದರೆ, "ಮೀನಿಗೆ ಕಿವಿ ಇಲ್ಲ ಬಿಡಿ ಅತ್ತೆ, ಹಾಳಾಗಲ್ಲ" ಎನ್ನುತ್ತಿದ್ದಳು.

ಅವಳ ಗಂಡ ಒಬುರ ಬಿರುಗಾಳಿಗೆ ಸಿಕ್ಕಿ ಸರೋವರದಲ್ಲಿ ಮುಳುಗಿದ. ಹೆಣ ಸಿಕ್ಕಿತು, ಮಣ್ಣು ಮಾಡಿದೆವು. ಬಂದ ನೆಂಟರು ಹೊರಟ ಮೇಲೆ ಆ ಮಾತು ಎದ್ದಿತು. ವಿಧವೆಯ ಮನೆಗೆ ಗಂಡನ ಕುಲದವನೊಬ್ಬ ಹೋಗಿ ಅವಳೊಂದಿಗೆ ಮಲಗಬೇಕು. ಅಲ್ಲಿಯವರೆಗೆ ಸಾವು ಅವಳ ಮೈಮೇಲೇ ಇರುತ್ತದೆ. ಅವಳು ಬೇರೆಯವರ ಹೊಸ್ತಿಲು ತುಳಿಯುವಂತಿಲ್ಲ, ಬೀಜ ಬಿತ್ತುವಂತಿಲ್ಲ, ಅವಳ ಚಾವಣಿ ಸೋರಿದರೂ ಯಾರೂ ಮುಟ್ಟುವಂತಿಲ್ಲ. ಮೀರಿದರೆ ಚಿರಾ ಹಿಡಿಯುತ್ತದೆ. ಚಿರಾ ಎಂದರೆ ಮೈ ಒಣಗುತ್ತಾ, ಕೆಮ್ಮುತ್ತಾ, ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಹೋಗುವುದು.

ಲೆಕ್ಕಪ್ರಕಾರ ಆ ಕೆಲಸ ಬರಬೇಕಾದದ್ದು ನನ್ನ ಗಂಡ ಸಿಯಾಗನಿಗೆ. ಸೈಕಲ್ ರಿಪೇರಿ ಮಾಡುವವನು, ಮೆತ್ತನೆಯ ಮನುಷ್ಯ. ಟೈರಿಗೆ ಗಾಳಿ ಹೊಡೆಯುತ್ತಾ, ನನ್ನ ಮುಖ ನೋಡದೆ, "ನನ್ನ ಕೈಲಿ ಆಗಲ್ಲ ಕಣೆ. ಅತ್ತಿಗೆ ಅವಳು" ಎಂದ. ಅಪೊಂಡಿಯನ್ನು ಕೇಳಿದಾಗ ಅವಳೂ ಆಗುವುದಿಲ್ಲ ಎಂದಳು. ಸಿಯಾಗನಾಗಲಿ ಮತ್ತೊಬ್ಬನಾಗಲಿ, ಯಾರೂ ಬೇಡ ಎಂದಳು.

ಮಾವನ ತಮ್ಮ ಒಗ್ವೆನೊ ನಮ್ಮ ಕುಲದ ಹಿರಿಯ. ಅವನು ದನಿ ಎತ್ತುವವನಲ್ಲ. ಬೇರೆ ಊರುಗಳಲ್ಲಿ ಈಗ ಮಾಡುತ್ತಿರುವ ಉಪಾಯವನ್ನು ಅವನೇ ಹೇಳಿದ: ಗಂಡಸು ಹೋಗುವುದು ಬೇಡ, ಅವನ ಕೋಟು ಹೋಗಲಿ. ಅದನ್ನು ಮನೆಯೊಳಗೆ ನೇತುಹಾಕಿದರೆ ಗಂಡಸು ಬಂದ ಹಾಗೆ. ಇಂಥ ಶಾಸ್ತ್ರ ಬೇಡವೆನ್ನುವ ಸರ್ಕಾರಕ್ಕೂ ಸಮಾಧಾನ, ಸತ್ತವರಿಗೂ ಸಮಾಧಾನ.

ಎಲ್ಲರಿಗೂ ಹಗುರವಾಯಿತು. ನನಗಂತೂ ಎಲ್ಲರಿಗಿಂತ ಹೆಚ್ಚು.

ಅದು ಹಳೆಬಟ್ಟೆ ಸಂತೆಯಲ್ಲಿ ಸಿಯಾಗ ಕೊಂಡಿದ್ದ ಕಂದು ಬಣ್ಣದ ಉಣ್ಣೆಯ ಕೋಟು. ಚಳಿದೇಶದ ಯಾವನೋ ಭಾರಿ ಆಳಿಗೆ ಹೊಲಿದದ್ದು, ಮೊಣಕಾಲಿನವರೆಗೆ ಬರುತ್ತಿತ್ತು. ಒಗ್ವೆನೊ ಅದನ್ನು ತಾನೇ ತಂದು ಹಾಸಿಗೆಗೆ ಎದುರಾಗಿ ನಡುಗಂಬದ ಮೊಳೆಗೆ ಹಾಕಿದ. ಭುಜಗಳನ್ನು ಕೈಯಿಂದ ಸವರಿ ನೇರ ಮಾಡಿದ.

ಮೊದಮೊದಲು ನಗೆಯಾಯಿತು. ಬಾವಿಯ ಹತ್ತಿರ ಹೆಂಗಸರು ನನ್ನನ್ನು ಕಿಚಾಯಿಸಿದರು. "ನಿನ್ನ ಗಂಡಂಗೆ ಈಗ ಎರಡು ಮನೆ ನ್ಯಾರ್ ಸೆಮೆ. ಒಂದ್ರಲ್ಲಿ ಉಣ್ತಾನೆ, ಇನ್ನೊಂದ್ರಲ್ಲಿ ನೇತಾಡ್ತಾನೆ."

ಅಪೊಂಡಿಯೂ ನಕ್ಕಳು. "ಒಳ್ಳೆಯವನು ಕಣ್ರೇ. ಕುಡಿಯಲ್ಲ, ಗೊರಕೆ ಹೊಡೆಯಲ್ಲ."

ಕೆಲವು ವಾರಗಳ ಮೇಲೆ ಒಗ್ವೆನೊ ಇಬ್ಬರು ಹಿರಿಯರನ್ನು ಕರೆದುಕೊಂಡು ಅವಳ ಮನೆಗೆ ಹೋದ. ಅವಳು ಕುರ್ಚಿ ಹಾಕಿದಳು. ಮೂವರೂ ಕುರ್ಚಿಗಳನ್ನು ತಿರುಗಿಸಿ ಕಂಬದ ಕಡೆಗೆ ಮುಖ ಮಾಡಿ ಕೂತರು. ಒಗ್ವೆನೊ ಕೋಟಿನ ಕ್ಷೇಮ ವಿಚಾರಿಸಿದ. ಮಳೆಯ ಮಾತಾಡಿದ. ಆಮೇಲೆ, ಒಬುರನ ದಡದ ಹೊಲವನ್ನು ದೋಣಿಯ ಒಬ್ಬ ಯಜಮಾನ ಕೇಳುತ್ತಿದ್ದಾನೆ, ಕೊಡೋಣವೇ ಎಂದು ಕೇಳಿದ. ಮೂವರೂ ತಾಳ್ಮೆಯಿಂದ ಕಾದರು. ಎಷ್ಟೋ ಹೊತ್ತು ನೊಣ ಹಾರುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲವಂತೆ.

"ಬೇಡ ಅನ್ನಲಿಲ್ಲ ಅವನು" ಎಂದು ಒಗ್ವೆನೊ ಎದ್ದ.

"ಅಯ್ಯ, ನಾನು ಬೇಡ ಅಂತಿದೀನಲ್ಲ" ಎಂದಳು ಅಪೊಂಡಿ.

ಅವನು ಅವಳ ಕಡೆ ಮೃದುವಾಗಿ ನೋಡಿದ. "ಮನೇಲಿ ಗಂಡಸು ಕೂತಿರೋವಾಗ ನೀನು ಯಾಕಮ್ಮ ಮಾತಾಡ್ತೀಯ?"

ಹೊಲ ಹೋಯಿತು. ಸಿಯಾಗ ಸೈಕಲ್ ಹತ್ತಿ ಒಗ್ವೆನೊ ಮನೆಗೆ ಹೋಗಿ, "ನನ್ನ ಒಂದು ಮಾತು ಕೇಳ್ಬೇಕಿತ್ತು ಚಿಕ್ಕಪ್ಪ" ಎಂದನಂತೆ. ಮುದುಕನಿಗೆ ನಿಜಕ್ಕೂ ಆಶ್ಚರ್ಯವಾಯಿತಂತೆ. "ನಿನ್ನ ಕೇಳಿ ಆಯ್ತಲ್ಲ ಮಗಾ." ಮನೆಗೆ ಬಂದವನು ಊಟ ಮಾಡಲಿಲ್ಲ. ಎರಡೂ ತೋಳುಗಳನ್ನು ಉಜ್ಜಿಕೊಳ್ಳುತ್ತಾ ಕೂತಿದ್ದ. "ಭುಜ ಹಿಡಿದು ಯಾರೋ ಮೇಲಕ್ಕೆ ಎತ್ತಿದ ಹಾಗಿದೆ" ಎಂದ.

ಅಪೊಂಡಿ ಸಿಳ್ಳೆ ನಿಲ್ಲಿಸಿದ್ದು ಆಗ. ಮನೆಯಲ್ಲಿ ಬಟ್ಟೆ ಬದಲಾಯಿಸುವಾಗ ಪರದೆ ಕಟ್ಟತೊಡಗಿದಳು. ಕೋಟಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಒಂದು ದಿನ ಅದನ್ನು ಕೆಳಗಿಳಿಸಿ ಪೆಟ್ಟಿಗೆಯಲ್ಲಿಟ್ಟಳಂತೆ. ಅದೇ ವಾರ ನನ್ನ ಕಿರಿಯ ಮಗಳಿಗೆ ಜ್ವರ ಬಂತು. ಅಂಗಳದಲ್ಲಿ ಯಾರೂ ಬಾಯಿ ಬಿಟ್ಟು ಏನೂ ಹೇಳಲಿಲ್ಲ, ಅವಳೇ ತಿರುಗಿ ಮೊಳೆಗೆ ಹಾಕಿದಳು.

ಒಂದು ಸಂಜೆ ಮೀನಿನ ಬುಟ್ಟಿ ಕೆಳಗಿಟ್ಟು ನೇರವಾಗಿ ನನ್ನ ಬಳಿ ಬಂದಳು.

"ನ್ಯಾರ್ ಸೆಮೆ, ನಿಜ ಹೇಳು. ನಿನ್ನ ಗಂಡ ಹಗಲೊತ್ತು ನಮ್ಮನೆಗೆ ಬರ್ತಾನಾ?"

"ಅಂಗಡಿ ಬಿಟ್ಟು ಕದಲಲ್ಲ ಅವರು. ಯಾಕೆ?"

"ಕೋಟಿನ ಅಂಚಲ್ಲಿ ಮಣ್ಣಿತ್ತು. ಒರೆಸಿದೆ. ಮಾರನೇ ದಿನ ಮತ್ತೆ ಮಣ್ಣು. ಇವತ್ತು ಸಂತೆಯಿಂದ ಬಂದು ಒಳಗೆ ಕೈ ಹಾಕಿ ನೋಡಿದೆ." ಅವಳು ಅಂಗೈಯನ್ನು ಸೊಂಟಕ್ಕೆ ಸುತ್ತಿದ ಬಟ್ಟೆಗೆ ಉಜ್ಜಿಕೊಂಡಳು. "ಬೆಚ್ಚಗಿತ್ತು ಕಣೆ. ಆಗ ತಾನೇ ಬಿಚ್ಚಿಟ್ಟ ಹಾಗೆ."

ಬಿಸಿಲಿಗೆ ಬಿಸಿಯಾಗಿರಬೇಕು ಎಂದೆ ನಾನು. ಆ ಕಂಬಕ್ಕೆ ಬಿಸಿಲು ಬೀಳುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಅವಳು ಸಂತೆಗೆ ಹೋದ ಹಾಗೆ ಮಾಡಿ ಅರ್ಧದಾರಿಯಿಂದ ತಿರುಗಿ ಬಂದಳು. ನಾನು ಬೇಲಿಯ ಬಳಿ ಕಾಯುತ್ತಿದ್ದೆ. ನಡುಮಧ್ಯಾಹ್ನ. ಕೋಳಿಗಳು ಕೂಡ ನೆರಳಲ್ಲಿ ಬಾಯಿ ತೆರೆದು ಕೂತಿದ್ದವು. ಬಾಗಿಲು ತಳ್ಳಿದಾಗ ಬೆಳಕಿನಿಂದ ಕತ್ತಲೆಗೆ ಕಣ್ಣು ಹೊಂದಲಿಲ್ಲ. ಮೊದಲು ಕಂಡದ್ದು ಖಾಲಿ ಮೊಳೆ.

ಆಮೇಲೆ ಕೋಟು ಕಂಡಿತು. ಹಾಸಿಗೆಯ ಪಕ್ಕದ ಮಣೆಯ ಮೇಲೆ ಅದು ಕೂತಿತ್ತು. ಗುಂಡಿಗಳನ್ನೆಲ್ಲ ಕತ್ತಿನವರೆಗೆ ಹಾಕಿತ್ತು. ತೋಳುಗಳು ಮೊಣಕಾಲಿನ ಮೇಲಿದ್ದವು, ಅವುಗಳ ತುದಿಯಲ್ಲಿ ಕೈಗಳಿರಲಿಲ್ಲ. ಕಾಲರಿನ ಮೇಲೆ ತಲೆಯೂ ಇರಲಿಲ್ಲ.

ಅಪೊಂಡಿ ನನ್ನ ಮಣಿಕಟ್ಟನ್ನು ಹಿಡಿದ ಹಿಡಿತ ಈಗಲೂ ನೆನಪಿದೆ.

"ಬಾಗಿಲು ಹಾಕ್ರೇ" ಎಂದಿತು ಕೋಟು. "ಕಣ್ಣು ಚುಚ್ಚುತ್ತೆ."

ಬಗ್ಗಿದ್ದ ತಲೆ ಮೇಲೆದ್ದಿತು. ಅತ್ತೆ.

ಕೋಟು ಹೋಗಲೇಬೇಕು, ಗಂಡಸಿಲ್ಲದ ಮನೆಯಿಂದ ಕುಲ ನಾಶವಾಗುತ್ತದೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ್ದವಳೇ ಈ ಮುದುಕಿ.

"ಅತ್ತೆ, ಇದನ್ನ ಯಾಕೆ ಹಾಕ್ಕೊಂಡ್ರಿ?" ಅಪೊಂಡಿ ಕೇಳಿದಳು.

"ಒಳಗಿಂದ ಹೇಗಿರುತ್ತೆ ನೋಡಣ ಅಂತ."

ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ. ಕತ್ತಲೆಯ ಕಡೆಗೆ ಮುಖ ಮಾಡಿ, ಬೇರೆ ಯಾರದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು. "ನಿಮ್ಮ ಮಾವ ಹೋದಾಗ ಒಬುರ ಇನ್ನೂ ಬೆನ್ನ ಮೇಲಿದ್ದ, ಸಿಯಾಗ ಹೊಟ್ಟೇಲಿದ್ದ. ಆಮೇಲೆ ಮೂರು ಜನ ಬಂದ್ರು ನನ್ನ ಮನೆಗೆ. ಒಬ್ಬ ಸತ್ತ ಅಂತ ಇನ್ನೊಬ್ಬ. ಬಂದವರು ಮೊದಲು ಕೋಟು ಬಿಚ್ಚಿ ಮೊಳೆಗೆ ಹಾಕ್ತಿದ್ರು. ನಾನು ಅದನ್ನೇ ನೋಡ್ತಾ ಮಲಗಿರ್ತಿದ್ದೆ, ಮುಖ ನೋಡಬಾರದು ಅಂತ. ಅವರ ಮುಖ ಈಗ ನೆನಪಿಲ್ಲ. ಕೋಟುಗಳು ಮಾತ್ರ ನೆನಪಿವೆ."

ಅಪೊಂಡಿ ಅವಳ ಮುಂದೆ ನೆಲದ ಮೇಲೆ ಕೂತಳು. "ಹೇಗಿದೆ ಅತ್ತೆ, ಒಳಗೆ?"

ಮುದುಕಿ ಯೋಚಿಸಿದಳು. "ಬೆಚ್ಚಗಿದೆ. ಇಲ್ಲಿ ಏನೂ ಭಯ ಇಲ್ಲ."

ಅದೇ ತಿಂಗಳು ರಾಜಧಾನಿಯಿಂದ ಜನ ಬಂದರು. ಹೆಣ್ಣು ಗಂಡು ಸಮ ಅನ್ನುವ, ಹೆಂಗಸರ ಮೇಲಿನ ಹಿಂಸೆ ನಿಲ್ಲಿಸುವ ರಾಷ್ಟ್ರೀಯ ನೀತಿಯನ್ನು ತಿದ್ದಿ ಹೊಸದಾಗಿ ಬರೆಯುತ್ತಿದ್ದಾರೆ, ಊರೂರಿಗೆ ಹೋಗಿ ಕೇಳುತ್ತಿದ್ದಾರೆ ಎಂದು ರೇಡಿಯೊದಲ್ಲಿ ಬಂದಿತ್ತು. ಚರ್ಚಿನ ತಗಡಿನ ಸಭಾಂಗಣದಲ್ಲಿ ನೆರೆದೆವು. ಕವೀನ್ಯ ಎಂಬ ಹುಡುಗಿಯಂಥ ಅಧಿಕಾರಿ ಸ್ವಾಹಿಲಿಯಲ್ಲಿ ಮಾತಾಡಿದಳು, ನಮ್ಮ ಶಾಲೆಯ ಮೇಷ್ಟ್ರು ಲುವೊಗೆ ತಿರುಗಿಸಿದರು.

ಮೊದಲು ಎದ್ದವನು ಒಗ್ವೆನೊ. "ನಮ್ಮೂರಲ್ಲಿ ಹಿಂಸೆ ಇಲ್ಲಮ್ಮ. ಹಳೇ ಕಾಲದಲ್ಲಿ ಗಂಡಸು ಹೋಗ್ತಿದ್ದ. ಈಗ ಕೋಟು ಹೋಗುತ್ತೆ. ಕೋಟು ಯಾರನ್ನ ಹೊಡೆದಿದೆ ಹೇಳಿ."

ಜನ ನಕ್ಕರು. ಕವೀನ್ಯಳ ಮುಖ ಅರಳಿತು. ಯಾರಿಗೂ ನೋವಾಗದ ಇಂಥ ದಾರಿಗಳನ್ನೇ ಹುಡುಕುತ್ತಿದ್ದೇವೆ, ಹೊಸ ನೀತಿಯಲ್ಲಿ ಇದನ್ನು ಬೇರೆ ಊರುಗಳಿಗೆ ಮಾದರಿಯಾಗಿ ಸೇರಿಸಬಹುದು ಎಂದಳು. ಮೇಷ್ಟ್ರು ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು.

ಅಪೊಂಡಿ ಎದ್ದಳು. ದಡದಲ್ಲಿ ಚೌಕಾಸಿ ಮಾಡುತ್ತಿದ್ದ ಆ ದನಿ ಎಷ್ಟೋ ತಿಂಗಳ ಮೇಲೆ ಕೇಳಿಸಿತು.

"ನೀತಿಗೆ ಹಾಕೋ ಮುಂಚೆ ನನ್ನನ್ನೂ ಕೇಳಿ ಮೇಡಂ. ಅದು ಇರೋದು ನನ್ನ ಮನೇಲಿ. ಹೊಡೆದಿಲ್ಲ, ನಿಜ. ನನ್ನ ಹೊಲ ಮಾರಿತು. ನನ್ನ ಬಾಯಿ ಮುಚ್ಚಿಸಿತು. ಅದು ಸುಮ್ನಿದ್ರೆ ಒಪ್ಪಿಗೆ ಅಂತೀರಿ, ನಾನು ಬೇಡ ಅಂದ್ರೂ ಕೇಳಿಸಲ್ಲ. ಗಂಡಸಾಗಿದ್ರೆ ಜಗಳ ಆಡಬಹುದಿತ್ತು. ಅವನು ಸಾಯೋದನ್ನ ಕಾಯಬಹುದಿತ್ತು. ಕೋಟು ಸಾಯೋದು ಯಾವಾಗ?"

"ಚಿರಾ ಹಿಡಿದ ಮೇಲೆ ತಿಳಿಯುತ್ತೆ ಬಿಡು" ಎಂದು ಹಿಂದಿನಿಂದ ಯಾರೋ ಅಂದರು.

ಆ ಹೊತ್ತಿಗೆ ಬಾಗಿಲ ಬಳಿ ಕೂತವರು ಒಬ್ಬೊಬ್ಬರಾಗಿ ಸರಿಯತೊಡಗಿದರು. ಅತ್ತೆ ಬರುತ್ತಿದ್ದಳು. ಕೋಟು ಅವಳ ಬಾಗಿದ ಮೈಮೇಲೆ ಪಾದದವರೆಗೆ ಇಳಿದು ನೆಲ ಗುಡಿಸುತ್ತಿತ್ತು. ಇಡೀ ಸಭಾಂಗಣದಲ್ಲಿ ಆ ಉಣ್ಣೆ ಸಿಮೆಂಟಿನ ಮೇಲೆ ಎಳೆಯುವ ಸದ್ದೊಂದೇ. ಒಗ್ವೆನೊ ಅಭ್ಯಾಸಬಲದಿಂದ ಕುರ್ಚಿಯಿಂದ ಅರ್ಧ ಎದ್ದ. ಎದ್ದದ್ದು ತಿಳಿದು ಅಲ್ಲೇ ನಿಂತ, ಕೂರಲೂ ಇಲ್ಲ.

"ಕೂತ್ಕೋ ಮೈದುನ" ಎಂದಳು ಅತ್ತೆ. "ನಿಮ್ಮಣ್ಣ ಹೋದ್ಮೇಲೆ ಬಂದ ಮೂವರಲ್ಲಿ ಮೂರನೆಯವನು ನೀನು. ಮಿಕ್ಕಿಬ್ಬರು ಮಣ್ಣಲ್ಲಿದಾರೆ, ಅವರನ್ನ ಕೇಳೋಕಾಗಲ್ಲ. ನಿನ್ನ ಕೇಳ್ತೀನಿ. ನಾನು ಹೂಂ ಅನ್ನದೇನೇ ಬಂದೆ ಅಲ್ವಾ ನೀನು?"

ಒಗ್ವೆನೊ ಉತ್ತರಿಸಲಿಲ್ಲ. ಅವಳು ತಾಳ್ಮೆಯಿಂದ ಕಾದಳು. ತಗಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತು.

"ಬೇಡ ಅನ್ನಲಿಲ್ಲ ಇವನು" ಎಂದು ಕವೀನ್ಯಳ ಕಡೆ ತಿರುಗಿ ಹೇಳಿ, ಬಂದ ಹಾಗೆಯೇ ಹೊರಟುಹೋದಳು. ಅದನ್ನು ಸ್ವಾಹಿಲಿಗೆ ಹೇಗೆ ತಿರುಗಿಸಬೇಕೆಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಅಪೊಂಡಿಯೇ ಹೇಳಿದಳು.

ಮುಂದಿನ ವರ್ಷ ನೀತಿ ಹೊರಬಂದಾಗ ನಮ್ಮ ಭಾಷೆಯ ರೇಡಿಯೊದಲ್ಲಿ ಓದಿದರು. ಉದ್ದನೆಯ ಓದು, ಅರ್ಧದಲ್ಲಿ ನಾನು ಒಲೆ ನೋಡಲು ಎದ್ದಿದ್ದೆ. ವಿಧವೆಯ ಮನೆಗಾಗಲಿ ಹೊಲಕ್ಕಾಗಲಿ ಯಾವ ಶಾಸ್ತ್ರವನ್ನೂ ಷರತ್ತಾಗಿ ಹಾಕಬಾರದು, ಅದು ಮನುಷ್ಯನ ಮೂಲಕವಾಗಲಿ ವಸ್ತುವಿನ ಮೂಲಕವಾಗಲಿ, ಎಂಬ ಸಾಲು ಬಂದಾಗ ಸಿಯಾಗ ನನ್ನನ್ನು ಕೂಗಿದ. ಅಪೊಂಡಿ ಆಗಲೇ ಅಂಗಳದಲ್ಲಿ ನಿಂತು ಕೇಳುತ್ತಿದ್ದಳು. ವಸ್ತು ಎಂಬ ಪದ ಬಂದಾಗ ಹೌದೆಂಬಂತೆ ತಲೆಯಾಡಿಸಿದಳು, ಅಷ್ಟೆ.

ಆ ಸಾಲು ಹಿಡಿದುಕೊಂಡು ಅವಳು ಕಚೇರಿಗೆ ಅಲೆದಳು. ಹೊಲದ ಮೇಲಿನ ಭಾಗ ತಿರುಗಿ ಬಂತು. ದಡದ ಭಾಗದಲ್ಲಿ ಕೊಂಡವನು ಮೀನಿನ ಶೆಡ್ ಕಟ್ಟಿಬಿಟ್ಟಿದ್ದ, ಅದು ಇನ್ನೂ ತಕರಾರಿನಲ್ಲಿದೆ. ಒಗ್ವೆನೊ ಅವಳನ್ನು ಕಂಡರೆ ದಾರಿ ಬಿಟ್ಟು ನಡೆಯುತ್ತಾನೆ, ಅದು ಗೌರವವೋ ಭಯವೋ ಅವನಿಗೂ ತಿಳಿದಿರಲಾರದು. ಅತ್ತೆ ಸಾಯುವ ತನಕ ಕೋಟನ್ನು ತೊಟ್ಟೇ ಇದ್ದಳು. ಸತ್ತಾಗ ಅಪೊಂಡಿ ಅದನ್ನು ಬಿಚ್ಚಿ, ಅತ್ತೆಯನ್ನು ಅವಳದೇ ಹೂವಿನ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡಿಸಿದಳು. ಕೋಟನ್ನು ಸಿಯಾಗ ಹರಿದು ಸೈಕಲ್ ಚೈನು ಒರೆಸಲು ಇಟ್ಟುಕೊಂಡ. ಚಳಿಗೂ ಅವನು ಬೇರೆ ಕೋಟು ಕೊಳ್ಳಲಿಲ್ಲ.

ಮಳೆಗೆ ಮುಂಚೆ ಅಪೊಂಡಿಯ ಚಾವಣಿ ಹೊದಿಸಲು ಯಾರೂ ಬರಲಿಲ್ಲ. ಅವಳೇ ಏಣಿ ಹತ್ತಿದಳು, ನಾನು ಕೆಳಗಿನಿಂದ ಹುಲ್ಲು ಎಸೆದೆ. ಸಿಳ್ಳೆ ತಿರುಗಿ ಬಂದಿದೆ, ಮೊದಲಿಗಿಂತ ಮೆಲ್ಲಗೆ. ನೀತಿ ಬಂದರೂ ಅವಳಿಗೆ ಚಿರಾ ಹಿಡಿಯಲೆಂದು ಊರು ಕಾಯುವುದನ್ನು ಬಿಟ್ಟಿಲ್ಲ. ಅವಳು ಕೆಮ್ಮಿದರೆ ಸುತ್ತಲಿನ ಅಂಗಳಗಳಲ್ಲಿ ಮಾತು ನಿಲ್ಲುತ್ತದೆ, ಒನಕೆ ಮೇಲೆಯೇ ತಡೆಯುತ್ತದೆ, ಮಕ್ಕಳನ್ನು ತಾಯಂದಿರು ಹತ್ತಿರ ಎಳೆದುಕೊಳ್ಳುತ್ತಾರೆ. ನಾನೂ ಕಿವಿ ನಿಮಿರಿಸುತ್ತೇನೆ, ಬೇಡವೆಂದರೂ.

ಮೊನ್ನೆ ಹಾಗೆಯೇ ಆಯಿತು. ಅವಳು ಬಾಗಿಲಿಗೆ ಬಂದು, ಕಲ್ಲಾಗಿ ನಿಂತ ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಕಣ್ಣು ಒರೆಸಿಕೊಂಡಳು.

"ಹೊಗೆ ಕಣ್ರೇ" ಎಂದಳು. "ಹಸಿ ಸೌದೆ. ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ."